ಲಿಂಬೆ ವ್ಯಾಪಾರಿಗೆ ಯಾವ ಕ್ಲಾಸ್? ‘ಡಿ20 ಮಾಡರ್ನ್’ ಆಡಿ ನೋಡಿದ ಮೇಲೆ

ಕತ್ತಿ ಮತ್ತು ಮಂತ್ರಗಳ ಲೋಕದಲ್ಲಿ ನಡೆಯುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳಲ್ಲಿ (ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತಾ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕಥೆ ನಡೆಸುವ ಆಟಗಳು) ಯೋಧ, ಮಾಂತ್ರಿಕ, ಕಳ್ಳ ಎಂದು ಕ್ಲಾಸಿನ, ಅಂದರೆ ಪಾತ್ರದ ವರ್ಗದ, ಹೆಸರು ಹೇಳಿದರೆ ಸಾಕು, ಆಟಗಾರನಿಗೆ ತನ್ನ ಕೆಲಸವೇನೆಂದು ತಿಳಿದುಬಿಡುತ್ತದೆ. ಕಥೆ ಇಂದಿನ ವಿಜಯಪುರದಲ್ಲಿ ನಡೆಯುವುದಾದರೆ ಆ ಅನುಕೂಲವಿಲ್ಲ. ಇಂಡಿಯಿಂದ ಲಿಂಬೆಹಣ್ಣು ತಂದು ಮಾರುವವನು ಯೋಧನೂ ಅಲ್ಲ, ಮಾಂತ್ರಿಕನೂ ಅಲ್ಲ. 2002ರಲ್ಲಿ ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿ ನಿಯಮಗಳ ಪುಸ್ತಕವಾಗಿ ಹೊರತಂದ ‘ಡಿ20 ಮಾಡರ್ನ್’ ಈ ತೊಡಕನ್ನು ಹೇಗೆ ಬಿಡಿಸುತ್ತದೆ ಎಂಬ ಕುತೂಹಲದಿಂದಲೇ ನಾವು ನಾಲ್ವರು ಗೆಳೆಯರು ಕೆಲವು ತಿಂಗಳಿನಿಂದ ಭಾನುವಾರಗಳಂದು ಅದನ್ನು ಆಡುತ್ತಿದ್ದೇವೆ.

ಇಲ್ಲಿ ಮೂಲ ಕ್ಲಾಸುಗಳು ಆರು: ಸ್ಟ್ರಾಂಗ್, ಫಾಸ್ಟ್, ಟಫ್, ಸ್ಮಾರ್ಟ್, ಡೆಡಿಕೇಟೆಡ್, ಕರಿಸ್ಮ್ಯಾಟಿಕ್. ಮನುಷ್ಯ ಮಾಡುವ ಕೆಲಸಕ್ಕಿಂತ ಅವನಲ್ಲಿ ಎದ್ದು ಕಾಣುವ ಗುಣವನ್ನು ಹಿಡಿದು ಮಾಡಿದ ವಿಂಗಡಣೆ ಇದು. ಕೆಲಸವನ್ನು ‘ಆಕ್ಯುಪೇಶನ್’ ಎಂದು ಬೇರೆಯಾಗಿಯೇ ಆರಿಸಬೇಕಾದ್ದರಿಂದ, ಹಳ್ಳಿಯ ಹಿನ್ನೆಲೆಯ ಜಾಣನನ್ನೂ ಡಾಕ್ಟರಿಕೆ ಮಾಡುವ ಗಟ್ಟಿಗನನ್ನೂ ಯಾವ ಅಡ್ಡಿಯಿಲ್ಲದೆ ರೂಪಿಸಬಹುದು. ಈ ಒಂದು ವಿಚಾರಕ್ಕಾಗಿಯೇ ಪುಸ್ತಕಕ್ಕೆ ಅರ್ಧದಷ್ಟು ಅಂಕ ಕೊಡುತ್ತೇನೆ.

ಆರೂ ಕ್ಲಾಸುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದಾರೆಂದು ಹೇಳಲಾರೆ. ಪಾತ್ರದ ಇಂಟೆಲಿಜೆನ್ಸ್ ಅಂಕ ಸಾಮಾನ್ಯ ಮಟ್ಟದ್ದೇ ಎಂದುಕೊಂಡರೂ ಮೊದಲ ಲೆವೆಲ್ಲಿನಲ್ಲಿ ಸ್ಮಾರ್ಟ್ ಹೀರೋಗೆ ಕೌಶಲಗಳಿಗೆ ಹಂಚಿಕೊಳ್ಳಲು 36 ಸ್ಕಿಲ್ ಪಾಯಿಂಟ್ ಸಿಗುತ್ತವೆ, ಸ್ಟ್ರಾಂಗ್ ಹೀರೋಗೆ ಬರೀ 12. ಜಿಮ್ಮಿಗೆ ಹೋಗುವ ನಮ್ಮ ಗೆಳೆಯ ಅಭಿಮಾನದಿಂದ ಸ್ಟ್ರಾಂಗ್ ಆರಿಸಿಕೊಂಡು, ಜಗಳವಿಲ್ಲದ ಎರಡು ವಾರ ಚುರುಮುರಿ ತಿನ್ನುತ್ತಾ ಕೂತ. ಗುಂಡಿನ ಕಾಳಗ ಶುರುವಾದ ಮೇಲೆ ಮಾತ್ರ ಲೆಕ್ಕ ತಿರುಗಿತು. ಒಂದೇ ಏಟಿನ ಪೆಟ್ಟು ಪಾತ್ರದ ಕಾನ್ಸ್‌ಟಿಟ್ಯೂಶನ್ (ದೇಹದ ತಾಳಿಕೆ) ಅಂಕವನ್ನು ಮೀರಿದರೆ ಪೆಟ್ಟು ತಾಳಿಕೊಳ್ಳಲು ದಾಳ ಉರುಳಿಸುವ ಫಾರ್ಟಿಟ್ಯೂಡ್ ಸೇವ್‌ನಲ್ಲಿ 15 ತಲುಪಲೇಬೇಕು, ತಪ್ಪಿದರೆ ನೆಲಕ್ಕೆ ಬಿದ್ದಂತೆಯೇ. ಈ ನಿಯಮದಿಂದಾಗಿ, ಹೆಸರಿಗೆ ನೀರಸವಾಗಿ ಕಾಣುವ ಟಫ್ ಹೀರೋ ಎಲ್ಲರಿಗಿಂತ ಹೆಚ್ಚು ಹೊತ್ತು ನಿಲ್ಲುತ್ತಾನೆ.

ಮೂಲ ಕ್ಲಾಸಿನಲ್ಲಿ ಸುಮಾರು ಮೂರು ಲೆವೆಲ್ ಕಳೆದ ಮೇಲೆ ಅಡ್ವಾನ್ಸ್ಡ್ ಕ್ಲಾಸುಗಳ ಬಾಗಿಲು ತೆರೆಯುತ್ತದೆ. ಪುಸ್ತಕದ ನಿಜವಾದ ರುಚಿ ಇರುವುದು ಅಲ್ಲಿ, ಕೊರತೆಯೂ ಅಲ್ಲಿಯೇ. ಸೋಲ್ಜರ್, ಗನ್‌ಸ್ಲಿಂಗರ್, ಬಾಡಿಗಾರ್ಡ್, ಇನ್‌ಫಿಲ್ಟ್ರೇಟರ್ ಎಂಬ ಹೆಸರುಗಳನ್ನು ಓದಿದರೆ ಅಮೆರಿಕದ ಹೊಡೆದಾಟದ ಸಿನಿಮಾ ಕಣ್ಣಮುಂದೆ ಬರುತ್ತದೆ. ‘ರೂರಲ್’ ಎಂಬ ಆಕ್ಯುಪೇಶನ್ ಇದ್ದರೂ, ಅದನ್ನು ಆರಿಸಿದ ಒಕ್ಕಲಿಗ ಮುಂದೆ ತನ್ನ ಬದುಕಿಗೆ ಹೊಂದುವ ಅಡ್ವಾನ್ಸ್ಡ್ ಕ್ಲಾಸನ್ನು ಹುಡುಕಿದರೆ ಬರಿಗೈಯಲ್ಲಿ ಮರಳಬೇಕಾಗುತ್ತದೆ. ಖರ್ಚು-ವೆಚ್ಚವನ್ನು ದುಡ್ಡಿನ ಲೆಕ್ಕ ಬಿಟ್ಟು ‘ವೆಲ್ತ್ ಬೋನಸ್’ ಎಂಬ ಒಂದೇ ಅಂಕೆಯಲ್ಲಿ ಮುಗಿಸಿರುವುದು ಕೂಡ ನಮ್ಮ ಲಿಂಬೆ ವ್ಯಾಪಾರಿಯ ಪಾತ್ರಧಾರಿಗೆ ಹಿಡಿಸಲಿಲ್ಲ. ನಿಜಜೀವನದಲ್ಲಿಯೂ ಅವನದು ಕಿರಾಣಿ ಅಂಗಡಿ.

ಹಾಗಿದ್ದರೂ ಆ ಪಾತ್ರಕ್ಕೆ ದಾರಿ ಸಿಕ್ಕಿತು. ಕರಿಸ್ಮ್ಯಾಟಿಕ್‌ನಲ್ಲಿ ಮೂರು ಲೆವೆಲ್ ಮುಗಿಸಿ ಅವನು ಮಾತುಕತೆಯಲ್ಲಿ ಪಳಗಿದವರ ಅಡ್ವಾನ್ಸ್ಡ್ ಕ್ಲಾಸಾದ ನೆಗೋಶಿಯೇಟರ್ ಆದ. ಆ ಕ್ಲಾಸಿನ ನಾಲ್ಕನೆಯ ಲೆವೆಲ್ಲಿನಲ್ಲಿ ಬರುವ ‘ಟಾಕ್ ಡೌನ್’ ಎಂಬ ಸಾಮರ್ಥ್ಯವು 15 ಅಡಿಯೊಳಗಿರುವ ಅಥವಾ ನಮ್ಮ ದನಿ ಕೇಳಿಸುವಷ್ಟು ದೂರದಲ್ಲಿರುವ ಒಬ್ಬ ಎದುರಾಳಿಯನ್ನು, ಅವನ ವಿಲ್ ಸೇವ್ (ಮನೋಬಲಕ್ಕಾಗಿ ಉರುಳಿಸುವ ದಾಳ) ಸೋತರೆ, ಮಾತಿನಲ್ಲಿಯೇ ತಣ್ಣಗಾಗಿಸುತ್ತದೆ. ನಮ್ಮ ಕಥೆಯ ಬಂದೂಕುಧಾರಿ ನಿಂತಿದ್ದು ಗೋಳಗುಮ್ಮಟದ ಮೇಲಿನ ಗ್ಯಾಲರಿಯ ಆಚೆ ಬದಿಯಲ್ಲಿ. ಪಿಸುಮಾತೂ ಎದುರು ಗೋಡೆಗೆ ಸ್ಪಷ್ಟವಾಗಿ ಮುಟ್ಟುವ ಜಾಗವದು. ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ಪುಸ್ತಕ ತೆಗೆದು ಆ ಸಾಲನ್ನು ಎರಡು ಸಲ ಓದಿ ಒಪ್ಪಿಕೊಂಡ. ವ್ಯಾಪಾರಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಚೌಕಾಸಿ ಶುರುಮಾಡಿದ.