ಹುಡುಕಿದ್ದು ಒಬ್ಬರನ್ನು, ಬಂದದ್ದು ಥಾಯ್ ಲಿಪಿಯ ಹೆಸರುಗಳು: ಕನ್ನಡ ವಿಕಿಪೀಡಿಯದ ಸದಸ್ಯ ಹುಡುಕಾಟ, ಬಹುಕಾಲದ ಬಳಕೆಯ ನಂತರ

2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ಲೇಖನ ಹುಡುಕುವ ವ್ಯವಸ್ಥೆ ಈಗ ಚೆನ್ನಾಗಿಯೇ ಇದೆ. ಸದಸ್ಯರನ್ನು ಹುಡುಕುವ ಕಥೆ ಬೇರೆ. ಅದಕ್ಕೆಂದೇ ಮಾಡಿದ ಸಲಕರಣೆ ಒಂದೂ ಇಲ್ಲ. ಇರುವುದು ಬೇರೆ ಬೇರೆ ಕೆಲಸಕ್ಕೆ ಮಾಡಿದ ನಾಲ್ಕೈದು ಪುಟಗಳು. ಯಾವ ಪುಟ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ ಎಂಬುದನ್ನು ಆ ಪುಟಗಳೇ ಹೇಳುವುದಿಲ್ಲ. ಗೊಂದಲದ ಬಹುಪಾಲು ಹುಟ್ಟುವುದು ಅಲ್ಲೇ.

ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವುದು ವಿಶೇಷ ಪುಟಗಳಲ್ಲಿರುವ (ಅಂದರೆ ತಂತ್ರಾಂಶವೇ ತಯಾರಿಸಿ ಕೊಡುವ ಪುಟಗಳಲ್ಲಿರುವ) ಸದಸ್ಯರ ಪಟ್ಟಿ. ಅದರಲ್ಲೊಂದು ಪೆಟ್ಟಿಗೆಯಿದೆ, ಹೆಸರು ಬರೆದು ಗುಂಡಿ ಒತ್ತಬಹುದು. ನೋಡಿದವರು ಹುಡುಕಾಟ ಎಂದುಕೊಳ್ಳುತ್ತಾರೆ. ಆದರೆ ಅದು ಮಾಡುವುದು ಇಷ್ಟೇ: ನೀವು ಬರೆದ ಹೆಸರು ಎಲ್ಲಿ ಬರಬೇಕಿತ್ತೋ ಅಲ್ಲಿಂದ ಪಟ್ಟಿಯನ್ನು ತೆರೆದು ತೋರಿಸುತ್ತದೆ. 'ಹಲಸಿನಹಣ್ಣು' ಎಂಬ ಖಾತೆ ಇಲ್ಲದಿದ್ದರೆ 'ಸಿಗಲಿಲ್ಲ' ಎನ್ನುವುದಿಲ್ಲ. ಅದರ ಮುಂದಿನ ಹೆಸರಿನಿಂದ ಶುರುಮಾಡಿ ಸುಮ್ಮನೆ ಪಟ್ಟಿ ಕೊಡುತ್ತದೆ. 'ಹ' ಕನ್ನಡದ ಯುನಿಕೋಡ್ ಸಂಕೇತಗಳ (ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಇರುವ ಸಂಖ್ಯೆಗಳ) ಕೊನೆಯಲ್ಲಿರುವುದರಿಂದ ಕನ್ನಡದ ಹೆಸರುಗಳು ಬೇಗ ಮುಗಿದು ಮಲಯಾಳಂ, ಸಿಂಹಳ, ಥಾಯ್, ಚೀನೀ, ಕೊರಿಯನ್ ಹೆಸರುಗಳು ಸಾಲುಗಟ್ಟುತ್ತವೆ. ಇದು ದೋಷವಲ್ಲ. ವಿಕಿಪೀಡಿಯಗಳನ್ನೂ ಅವುಗಳ ಸೋದರ ತಾಣಗಳನ್ನೂ ನಡೆಸುವ ವಿಕಿಮೀಡಿಯದ ಖಾತೆ ಎಲ್ಲ ತಾಣಗಳಿಗೂ ಒಂದೇ. ಲಾಗಿನ್ ಆಗಿರುವ ಬ್ಯಾಂಕಾಕಿನವರೊಬ್ಬರು ಕನ್ನಡ ತಾಣಕ್ಕೆ ಒಮ್ಮೆ ಇಣುಕಿದರೂ ಅವರ ಹೆಸರಿನ ಖಾತೆ ಇಲ್ಲಿ ತಾನಾಗಿ ಸೃಷ್ಟಿಯಾಗುತ್ತದೆ. ಪರಿಹಾರ ಅದೇ ಪುಟದಲ್ಲಿದೆ: ಸಂಪಾದನೆ ಮಾಡಿದವರನ್ನು ಮಾತ್ರ ತೋರಿಸುವ ಗುರುತುಪೆಟ್ಟಿಗೆಯನ್ನು ಆರಿಸಿ. ಇಣುಕಿ ಹೋದವರೆಲ್ಲ ಜಾರಿಹೋಗುತ್ತಾರೆ. ಹೊಸದಾಗಿ ಸೇರಿದವರನ್ನು ನೋಡಬೇಕಾದರೆ ಖಾತೆ ತೆರೆದ ದಿನಾಂಕದ ಪ್ರಕಾರ ಜೋಡಿಸುವ ಆಯ್ಕೆಯೂ ಪಕ್ಕದಲ್ಲೇ ಇದೆ.

ಪಟ್ಟಿಯ ಅನುಕ್ರಮ ನಿಘಂಟಿನದಲ್ಲ, ಯುನಿಕೋಡ್ ಸಂಖ್ಯೆಯದು. ಅಲ್ಲಿ 'ಳ' ಬರುವುದು 'ಲ'ದ ಬೆನ್ನಿಗೆ, ಹಾಗಾಗಿ 'ಬಳ್ಳಿ' ಎಂದು ಶುರುವಾಗುವ ಹೆಸರು 'ಬಸವ'ಕ್ಕಿಂತ ಮೊದಲೇ ಬಂದುಬಿಡುತ್ತದೆ. ನಿಘಂಟಿನ ಅಭ್ಯಾಸದಲ್ಲಿ 'ಹ' ಆದಮೇಲೆ ಹುಡುಕಿದರೆ ಸಿಗದು. ಇಂಗ್ಲಿಷ್ ಅಕ್ಷರಗಳಲ್ಲಿ ಇನ್ನೂ ಕಷ್ಟ: ಮೊದಲ ಅಕ್ಷರವನ್ನು ವ್ಯವಸ್ಥೆಯೇ ದೊಡ್ಡದು ಮಾಡಿಕೊಳ್ಳುತ್ತದೆ, ಮಿಕ್ಕವು ಬರೆದಂತೆಯೇ ಉಳಿಯುತ್ತವೆ. ಎರಡನೆಯ ಪದವನ್ನು ದೊಡ್ಡಕ್ಷರದಿಂದ ಶುರುಮಾಡಿದ ಹೆಸರೂ ಸಣ್ಣಕ್ಷರದಿಂದ ಶುರುಮಾಡಿದ ಹೆಸರೂ ಎರಡು ಬೇರೆ ಖಾತೆಗಳು. ಅಂಡರ್‌ಸ್ಕೋರ್ ಮತ್ತು ಖಾಲಿ ಜಾಗ ಮಾತ್ರ ಒಂದೇ ಎಂದು ಲೆಕ್ಕ.

ಕನ್ನಡದಲ್ಲಿ ಬರೆಯುವವರಿಗೇ ಮೀಸಲಾದ ಒಂದು ತೊಡಕಿದೆ. 'ಫುಟ್‌ಬಾಲ್' ಎಂದು ಒತ್ತಕ್ಷರವಾಗದಂತೆ ಬರೆಯಲು ಕೀಲಿಮಣೆ ನಡುವೆ ಒಂದು ಅದೃಶ್ಯ ಅಕ್ಷರ ಸೇರಿಸುತ್ತದೆ, ಜೀರೋ ವಿಡ್ತ್ ನಾನ್ ಜಾಯಿನರ್. ಲೇಖನದ ಶೀರ್ಷಿಕೆಯಲ್ಲಿ ಇದಕ್ಕೆ ಅಡ್ಡಿಯಿಲ್ಲ, ಸದಸ್ಯರ ಹೆಸರಿನಲ್ಲಿ ನಿಷಿದ್ಧ. ಆದ್ದರಿಂದ ಅಂಥ ಖಾತೆಯ ಹೆಸರು ಒತ್ತಕ್ಷರದ 'ಫುಟ್ಬಾಲ್' ಆಗಿರುತ್ತದೆ, ಇಲ್ಲವೇ ನಡುವೆ ಜಾಗ ಬಿಟ್ಟು 'ಫುಟ್ ಬಾಲ್' ಆಗಿರುತ್ತದೆ. ಅದೃಶ್ಯ ಅಕ್ಷರ ಸೇರಿದ ಹೆಸರನ್ನು ಸದಸ್ಯರ ಪಟ್ಟಿಗೆ ಕೊಟ್ಟರೆ ಅದು ತಪ್ಪು ಎಂದೂ ಹೇಳದೆ, ಆ ಅಕ್ಷರದ ಸಂಕೇತ ಕನ್ನಡದ ಎಲ್ಲ ಅಕ್ಷರಗಳಿಗಿಂತ ದೊಡ್ಡದಾದ್ದರಿಂದ, ಬೇಕಾದ ಹೆಸರನ್ನು ದಾಟಿ ಮುಂದಕ್ಕೆ ಹಾರುತ್ತದೆ. ಬೇರೆಡೆಯಿಂದ ನಕಲಿಸಿ ಅಂಟಿಸುವುದನ್ನು ಬಿಟ್ಟು ಕೈಯಾರೆ, ಒತ್ತಕ್ಷರವಾಗಿಯೇ ಟೈಪ್ ಮಾಡಿದರೆ ಸಮಸ್ಯೆ ತೀರಿತು. ಹಳೆಯ ನುಡಿ, ಬರಹ ಕಡತಗಳ ಯುನಿಕೋಡ್ ಅಲ್ಲದ ಪಠ್ಯವಾದರೆ ಅಂಟಿಸಿದೊಡನೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಅದನ್ನು ಮೊದಲು ಯುನಿಕೋಡಿಗೆ ಪರಿವರ್ತಿಸಬೇಕು.

ಪುಟದ ಮೇಲ್ಭಾಗದ ಮಾಮೂಲಿ ಹುಡುಕುಪೆಟ್ಟಿಗೆಯ ವಿಷಯಕ್ಕೆ ಬಂದರೆ, ಅದು ಹುಡುಕುವುದು ಪುಟಗಳನ್ನು, ಖಾತೆಗಳನ್ನಲ್ಲ. ಈ ಒಂದು ಮಾತು ತಿಳಿದರೆ ಅರ್ಧ ತಲೆನೋವು ಕಡಿಮೆ. ಸಾವಿರಾರು ಸಂಪಾದನೆ ಮಾಡಿಯೂ ತಮ್ಮ ಸದಸ್ಯ ಪುಟದಲ್ಲಿ ಒಂದು ಸಾಲೂ ಬರೆಯದವರಿದ್ದಾರೆ; ಅವರ ಹೆಸರು ಪುಟವಿಲ್ಲವೆಂದು ಸೂಚಿಸುವ ಕೆಂಪು ಕೊಂಡಿಯಾಗಿ ಕಾಣುತ್ತದೆ, ಹುಡುಕಾಟದಲ್ಲಿ ಬರುವುದೇ ಇಲ್ಲ. ಇನ್ನು ಕೆಲವರ ಪುಟ ಕಣ್ಣಿಗೆ ಕಾಣುತ್ತದೆ, ಹುಡುಕಿದರೆ ಸಿಗುವುದಿಲ್ಲ. ಅವರು ಎಲ್ಲ ವಿಕಿಗಳಿಗೂ ಸಾಮಾನ್ಯವಾದ ಮೆಟಾ ವಿಕಿಯಲ್ಲಿ ಒಂದೇ ಪುಟ ಬರೆದಿಟ್ಟಿರುತ್ತಾರೆ, ಸ್ಥಳೀಯ ಪುಟ ಇಲ್ಲದ ಕಡೆಯೆಲ್ಲ ಅದೇ ಮೂಡುತ್ತದೆ. ಇಲ್ಲಿ ಇಲ್ಲದ ಪುಟ ಇಲ್ಲಿನ ಸೂಚಿಯಲ್ಲಿ ಹೇಗೆ ಇದ್ದೀತು?

ಹೆಸರು ಪಕ್ಕಾ ಗೊತ್ತಿದ್ದರೆ ಪೆಟ್ಟಿಗೆಯಲ್ಲಿ 'ಸದಸ್ಯ:' ಎಂದು ಮುಂದಿಟ್ಟು ಪೂರ್ತಿ ಹೆಸರು ಬರೆದು ಎಂಟರ್ ಒತ್ತಿ. ಪುಟ ಇರಲಿ ಇಲ್ಲದಿರಲಿ ನೇರ ಅಲ್ಲಿಗೇ ಹೋಗುತ್ತದೆ. ಆ ಹೆಸರಿನ ಖಾತೆಯೇ ನೋಂದಣಿಯಾಗಿಲ್ಲವಾದರೆ ಹಾಗೆಂದು ಸೂಚನೆ ಬರುತ್ತದೆ. ಇಷ್ಟು ಖಚಿತವಾದ 'ಇಲ್ಲ' ಸದಸ್ಯರ ಪಟ್ಟಿಯಿಂದ ಎಂದೂ ಸಿಗದು. ಹೆಸರಿನ ಆರಂಭ ಮಾತ್ರ ನೆನಪಿದ್ದರೆ ಕಾಣಿಕೆಗಳ (ಒಬ್ಬರು ಮಾಡಿದ ಸಂಪಾದನೆಗಳ) ವಿಶೇಷ ಪುಟದಲ್ಲಿ ಬರೆಯುತ್ತ ಹೋದಂತೆ ಸಲಹೆಗಳು ಇಳಿಯುತ್ತವೆ.

ಹೆಸರಿನ ನಡುವಿನ ತುಣುಕು ಮಾತ್ರ ನೆನಪಿದ್ದರೆ? ಹುಡುಕಾಟದ ಮುಂದುವರಿದ ಆಯ್ಕೆಗಳಲ್ಲಿ ಸದಸ್ಯ ನಾಮವರ್ಗ ಮತ್ತು ಸದಸ್ಯರ ಚರ್ಚೆಪುಟ ನಾಮವರ್ಗ ಎರಡನ್ನೂ ಆರಿಸಿ (ನಾಮವರ್ಗ ಎಂದರೆ ಒಂದೇ ಬಗೆಯ ಪುಟಗಳ ಗುಂಪು). ನಂತರ ಇಂಗ್ಲಿಷ್ ಅಕ್ಷರಗಳಲ್ಲಿ 'ಇನ್‌ಟೈಟಲ್' ಎಂದು ಕೂಡಿಸಿ ಬರೆದು, ಕೋಲನ್ ಹಾಕಿ, ಎರಡು ಓರೆಗೆರೆಗಳ (/) ನಡುವೆ ತುಣುಕನ್ನು ಇಟ್ಟು, ಕೊನೆಯ ಓರೆಗೆರೆಗೆ ಅಂಟಿಸಿ ಸಣ್ಣಕ್ಷರದ 'ಐ' ಬರೆಯಿರಿ. ಈ 'ಐ' ದೊಡ್ಡಕ್ಷರ ಸಣ್ಣಕ್ಷರಗಳ ಭೇದವನ್ನು ತೆಗೆದುಹಾಕುತ್ತದೆ. ಚರ್ಚೆಪುಟವನ್ನೂ ಸೇರಿಸಬೇಕಾದ್ದಕ್ಕೆ ಕಾರಣವಿದೆ: ಸದಸ್ಯ ಪುಟ ಬರೆಯದವರ ಚರ್ಚೆಪುಟದಲ್ಲೂ ಯಾರಾದರೂ ಸ್ವಾಗತ ಸಂದೇಶ ಹಾಕಿರುವ ಸಂಭವ ಹೆಚ್ಚು. ಇದು ಭಾರದ ಹುಡುಕಾಟ; ಒಂದೆರಡು ಅಕ್ಷರ ಕೊಟ್ಟು ಎಲ್ಲ ನಾಮವರ್ಗಗಳಲ್ಲಿ ಓಡಿಸಿದರೆ ಸಮಯ ಮೀರಿ ಅರೆಬರೆ ಫಲಿತಾಂಶ ಬರುತ್ತದೆ.

ಈ ದಾರಿಯಲ್ಲೂ ಕಸ ಸಿಗುತ್ತದೆ. ಸದಸ್ಯ ನಾಮವರ್ಗದಲ್ಲಿ ಪ್ರಯೋಗಪುಟಗಳು ರಾಶಿ ಬಿದ್ದಿವೆ. ಕಾಲೇಜು ವಿದ್ಯಾರ್ಥಿಗಳು ಲೇಖನದ ಕರಡನ್ನು ತಮ್ಮ ಉಪಪುಟದಲ್ಲೇ ಬರೆದು ಬಿಟ್ಟಿದ್ದಾರೆ. ಹೀಗಾಗಿ 'ಹಲಸು' ಎಂದು ಶೀರ್ಷಿಕೆಗೆ ಸೀಮಿತಗೊಳಿಸದೆ ಹುಡುಕಿದರೆ ಮನುಷ್ಯರ ಬದಲು ಹಲಸಿನ ಬೇಸಾಯದ ಕರಡುಗಳೇ ಬಂದಾವು. ಶೀರ್ಷಿಕೆಯಲ್ಲಿ ಓರೆಗೆರೆ ಇದ್ದರೆ ಅದು ಉಪಪುಟ ಎಂದು ತಿಳಿದು ಕಣ್ಣು ಹಾಯಿಸಿ ಮುಂದೆ ಹೋಗಿ. ವಿದ್ಯಾರ್ಥಿಗಳಲ್ಲಿ ಹಲವರು ಹೆಸರಿನ ಜೊತೆ ನೋಂದಣಿ ಸಂಖ್ಯೆಯನ್ನೂ ಸೇರಿಸಿಕೊಂಡಿರುವುದರಿಂದ, ಅಂಥವರನ್ನು ಹೆಸರಿಗಿಂತ ಆ ಸಂಖ್ಯೆಯಿಂದ ಹುಡುಕುವುದೇ ಸಲೀಸು.

ಸಹಿಯದು ಇನ್ನೊಂದು ಮೋಸ. ಚರ್ಚೆಯಲ್ಲಿ ಕನ್ನಡದಲ್ಲಿ ಚಂದದ ಸಹಿ ಹಾಕುವ ಅನೇಕರ ಖಾತೆಯ ಹೆಸರು ಇಂಗ್ಲಿಷ್ ಅಕ್ಷರಗಳಲ್ಲಿದೆ. ಸಹಿಯ ಹೆಸರನ್ನು ಖಾತೆಗಳಲ್ಲಿ ಎಷ್ಟು ಹುಡುಕಿದರೂ ಶೂನ್ಯ. ಸಹಿಯ ಮೇಲೆ ಮೌಸ್ ಇಟ್ಟರೆ ನಿಜವಾದ ಹೆಸರು ಕಾಣುತ್ತದೆ. ಸಹಿ ಎಲ್ಲಿತ್ತೆಂದೇ ಮರೆತಿದ್ದರೆ ಅದನ್ನು ಉದ್ಧರಣ ಚಿಹ್ನೆಯೊಳಗಿಟ್ಟು ಚರ್ಚೆ ನಾಮವರ್ಗಗಳಲ್ಲಿ ಹುಡುಕಿ, ಸಿಕ್ಕ ಪುಟದಿಂದ ಕೊಂಡಿ ಹಿಡಿಯಬೇಕು.

ಹಳೆಯ ಹೆಸರುಗಳಿಗೆ ಸ್ವಲ್ಪ ಇತಿಹಾಸ ಬೇಕು. 2015ರಲ್ಲಿ ಎಲ್ಲ ವಿಕಿಗಳ ಖಾತೆಗಳನ್ನು ಒಂದುಗೂಡಿಸಿದಾಗ ಒಂದೇ ಹೆಸರಿಗೆ ಹಲವು ವಾರಸುದಾರರಿದ್ದ ಕಡೆ, ಸೋತ ಖಾತೆಗೆ ಅಲೆಗೆರೆಯ (~) ಜೊತೆ ಆಯಾ ವಿಕಿಯ ಹೆಸರು ಅಂಟಿತು. ಹಾಗೆ ಬಾಲ ಬಂದ ಖಾತೆ ಕಂಡರೆ ನಕಲಿ ಎಂದು ಶಂಕಿಸಬೇಡಿ. ತಾವಾಗಿ ಹೆಸರು ಬದಲಿಸಿಕೊಂಡವರ ಕಾಣಿಕೆಗಳೆಲ್ಲ ಹೊಸ ಹೆಸರಿಗೆ ಹೋಗುತ್ತವೆ, ಹಳೆಯ ಸಹಿಗಳು ಮಾತ್ರ ಇದ್ದಲ್ಲೇ ಉಳಿಯುತ್ತವೆ. ಹೆಸರು ಬದಲಾವಣೆಯ ದಾಖಲೆಯಲ್ಲಿ ಹಳೆಯದನ್ನು ಕೊಟ್ಟರೆ ಹೊಸದು ಸಿಗುತ್ತದೆ. ಅಲೆಗೆರೆಯಿಂದಲೇ ಶುರುವಾಗಿ ಇಸವಿ, ಅಂಕಿಗಳಿರುವ ಹೆಸರುಗಳು ಬೇರೆಯೇ: ಲಾಗಿನ್ ಆಗದೆ ಸಂಪಾದಿಸುವವರಿಗೆ ಕೊಡುವ ತಾತ್ಕಾಲಿಕ ಖಾತೆಗಳವು, 90 ದಿನಕ್ಕೆ ಮುಗಿಯುತ್ತವೆ. ಬ್ರೌಸರಿನ ಕುಕಿ ಅಳಿಸಿದರೆ ಅದೇ ವ್ಯಕ್ತಿಗೆ ಇನ್ನೊಂದು ಹೆಸರು. ಅವುಗಳಿಂದ ಒಬ್ಬರನ್ನು ಪತ್ತೆಹಚ್ಚಲು ಹೊರಡುವುದು ವ್ಯರ್ಥ.

ಸಿಕ್ಕ ಖಾತೆ ಇವರದೇ ಹೌದೇ ಎಂಬ ಅನುಮಾನ ಉಳಿದರೆ ಕೇಂದ್ರ ಖಾತೆಯ ವಿಶೇಷ ಪುಟ, ಅಂದರೆ ಸೆಂಟ್ರಲ್‌ಆತ್, ನೋಡಿ. ಯಾವ ಯಾವ ವಿಕಿಯಲ್ಲಿ ಎಷ್ಟು ಸಂಪಾದನೆ, ಎಲ್ಲಿ ತಡೆ ಬಿದ್ದಿದೆ, ಎಲ್ಲ ಒಂದೇ ಕೋಷ್ಟಕದಲ್ಲಿದೆ. ಈ ಇಡೀ ವ್ಯವಸ್ಥೆಯಲ್ಲಿ ಪೂರ್ಣ ಅಂಕ ಕೊಡಬಹುದಾದ ಪುಟ ಇದೊಂದೇ. ಅಲ್ಲಿನ ಸಂಖ್ಯೆ ಕಾಣಿಕೆಗಳ ಪುಟದಲ್ಲಿ ಎಣಿಸಿದ್ದಕ್ಕಿಂತ ಹೆಚ್ಚಿದ್ದರೆ ಗಾಬರಿ ಬೇಡ, ಅಳಿಸಿಹೋದ ಪುಟಗಳಲ್ಲಿ ಮಾಡಿದ ಸಂಪಾದನೆಗಳೂ ಆ ಲೆಕ್ಕದಲ್ಲಿ ಉಳಿದಿರುತ್ತವೆ.