ಸೇಂಟ್ ಮೋಮೋ: ಕಲಬುರಗಿ-ಯಾದಗಿರಿಯ ಮರಣ ದರಕ್ಕೆ ಎಷ್ಟು ಒಗ್ಗುತ್ತದೆ?

ತಿನ್ನುವ ಮೋಮೋ ಅಲ್ಲ. 'ಆರ್' ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಮರಣ ದರ ಅಂದಾಜಿಸುವ ಉಚಿತ ಪ್ಯಾಕೇಜ್ ಇದು. ಸಂಶೋಧಕರಾದ ಲೀ ಮತ್ತು ಕಾರ್ಟರ್ 1992ರಲ್ಲಿ ಕೊಟ್ಟ ಮರಣ ದರದ ಮಾದರಿ ಇದರಲ್ಲಿ ನಾಲ್ಕೈದು ಸಾಲಿನ ಕೆಲಸ. ವಯಸ್ಸುವಾರು ಸಾವಿನ ಎಣಿಕೆ ಮತ್ತು ಜನಸಂಖ್ಯೆ, ಈ ಎರಡು ಕೋಷ್ಟಕ ಕೊಟ್ಟರೆ ಸಾಕು. ವರ್ಷದಿಂದ ವರ್ಷಕ್ಕೆ ಒಟ್ಟು ಮಟ್ಟ ಹೇಗೆ ಸಾಗಿದೆ, ಯಾವ ವಯಸ್ಸಿನಲ್ಲಿ ದರ ಬೇಗ ಇಳಿದಿದೆ ಎಂಬುದು ಬೇರೆಬೇರೆಯಾಗಿ ಸಿಗುತ್ತದೆ.

ನಮಗೆ ದೊಡ್ಡ ಅನುಕೂಲ ಸೊನ್ನೆಯ ವಿಷಯದಲ್ಲಿ. ಯಾದಗಿರಿಯ ಜನಸಂಖ್ಯೆ 2011ರಲ್ಲಿ 11.74 ಲಕ್ಷ. ಅದರಲ್ಲೊಂದು ತಾಲ್ಲೂಕಿನ 10-14ರ ಹುಡುಗಿಯರ ಸಾವು ಕೆಲವು ವರ್ಷ ಸೊನ್ನೆಯೇ ಬಂದೀತು. ಸೊನ್ನೆಗೆ ಲಾಗ್ (ಲಘುಗಣಕ) ಇಲ್ಲ, ದರದ ಲಾಗ್ ತೆಗೆಯುವ 1992ರ ಮೂಲ ವಿಧಾನ ಅಲ್ಲೇ ಮುಗ್ಗರಿಸುತ್ತದೆ. ಸಾವನ್ನು ಪಾಯ್ಸಾನ್ ಎಣಿಕೆಯಾಗಿ (0, 1, 2 ಹೀಗೆ ಬರುವ ವಿರಳ ಘಟನೆಗಳ ಎಣಿಕೆ) ಹಿಡಿಯುವ ಈ ಪ್ಯಾಕೇಜಿಗೆ ಅದು ತೊಡಕಲ್ಲ.

ಜೊತೆಗೆ ಬರುವ ಉದಾಹರಣೆ ದತ್ತಾಂಶ ಇಂಗ್ಲೆಂಡ್-ವೇಲ್ಸ್ ಗಂಡಸರದು, 1961-2011. ಅದರ ಮೇಲೆ ಎಲ್ಲವೂ ನುಣ್ಣಗೆ ಓಡುತ್ತದೆ. ನಮ್ಮ ಫೈಲ್ ಹಾಕಿದಾಗ ಕಥೆಯೇ ಬೇರೆ. 2009-10ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು, 2014ರ ನವೆಂಬರ್‌ನಲ್ಲಿ ಗುಲಬರ್ಗಾ ಕಲಬುರಗಿಯಾಯಿತು. ಹೆಸರು ಹೊಂದಿಸದೆ ಕೋಷ್ಟಕ ಜೋಡಿಸಿದರೆ ಸಾಲುಗಳು ಸದ್ದಿಲ್ಲದೆ ಉದುರುತ್ತವೆ. ಎರಡೂ ಜಿಲ್ಲೆ ಕೂಡಿಸಿ ಒಂದೇ ಸರಣಿ ಮಾಡುವುದೇ ಲೇಸು.

ಇನ್ನೊಂದು, ಸಾವು ನೋಂದಣಿಯಾಗುವುದು ಸತ್ತ ಜಾಗದಲ್ಲಿ. ಬೀದರಿನವರು ಕಲಬುರಗಿಯ ಆಸ್ಪತ್ರೆಯಲ್ಲಿ ತೀರಿಕೊಂಡರೆ ಏರುವುದು ಕಲಬುರಗಿಯ ಲೆಕ್ಕ. ವರದಿ ನಮೂನೆಯಲ್ಲಿ ವಾಸಸ್ಥಳದ ಕಾಲಂ ಇದೆ, ಅದರ ಮೇಲೆ ಮರುವಿಂಗಡಣೆ ಮಾಡಬೇಕು. ನಮ್ಮಲ್ಲಿಂದ ಹೈದರಾಬಾದಿಗೆ ಹೋಗಿ ಸತ್ತವರು ಮಾತ್ರ ಹೀಗೂ ಸಿಗುವುದಿಲ್ಲ. ನೋಂದಣಿ ಸುಧಾರಿಸಿದ ವರ್ಷ ಸಾವು ಹೆಚ್ಚಿದಂತೆ ಕಾಣುವುದೂ ಉಂಟು. ಮಟ್ಟವನ್ನು ಎಸ್‌ಆರ್‌ಎಸ್‌ನ (ಕೇಂದ್ರದ ಮಾದರಿ ನೋಂದಣಿ ವ್ಯವಸ್ಥೆ) ಕರ್ನಾಟಕ ಕೋಷ್ಟಕದ ಜೊತೆ ತಾಳೆ ನೋಡದೆ ಮುಂದೆ ಹೋಗಬೇಡಿ.

ಮುನ್ಸೂಚನೆಯ ಇಳಿಜಾರು ಮೊದಲ ಮತ್ತು ಕೊನೆಯ ವರ್ಷದ ಮೇಲೆ ಮಾತ್ರ ನಿಂತಿದೆ. ಒಟ್ಟು ಮಟ್ಟದ ಸೂಚ್ಯಂಕ 2004ರಲ್ಲಿ 15, 2019ರಲ್ಲಿ ಮೈನಸ್ 15 ಎಂದುಕೊಳ್ಳಿ: ವರ್ಷಕ್ಕೆ 2ರಂತೆ ಇಳಿಕೆ. ಅದೇ ಸರಣಿಯನ್ನು 2021ರವರೆಗೆ ಎಳೆದು, ಕೋವಿಡ್‌ನಿಂದ ಅದು ಮೈನಸ್ 3ಕ್ಕೆ ಏರಿದ್ದರೆ ಇಳಿಕೆ ಸುಮಾರು 1.06. ಎರಡೇ ವರ್ಷ ಸೇರಿಸಿದ್ದಕ್ಕೆ ಅರ್ಧ ವೇಗ ಹೋಯಿತು! ಅಲ್ಲಿ ಮುನ್ಸೂಚನೆ ಎಲ್ಲಿಂದ ಶುರು ಎಂದು ಕೇಳುವ 'ಜಂಪ್‌ಚಾಯ್ಸ್'ಗೆ 'ಆಕ್ಚುಯಲ್' (ಕೊನೆಯ ವರ್ಷದ ನಿಜ ದರ) ಕೊಟ್ಟರಂತೂ ಕೋವಿಡ್ ಮಟ್ಟವೇ ಮುಂದಿನೆಲ್ಲ ವರ್ಷಕ್ಕೂ ಆರಂಭ ಬಿಂದು. ಸರಣಿಯನ್ನು 2019ಕ್ಕೆ ನಿಲ್ಲಿಸಿ. 2021ರ ನಂತರದ ಅಂಕಿಗಳೂ ಕೈಯಲ್ಲಿದ್ದರೆ ನಿಲ್ಲಿಸದೆ, 2020 ಮತ್ತು 2021ಕ್ಕೆ ತೂಕ 0 ಕೊಡಿ.

ಮುನ್ಸೂಚನೆಯ ಅಂಚುಪಟ್ಟಿ (ದರ ಎಷ್ಟರಿಂದ ಎಷ್ಟರ ನಡುವೆ ಇದ್ದೀತು ಎಂಬ ವ್ಯಾಪ್ತಿ) ಕಿರಿದಾಗಿ ಬಂದರೆ ಹಿಗ್ಗಬೇಡಿ, ಮಾದರಿಯ ಗುಣಕಗಳ ಅನಿಶ್ಚಿತತೆ ಅದರಲ್ಲಿಲ್ಲ. 500 ಬೂಟ್‌ಸ್ಟ್ರ್ಯಾಪ್ (ಯಾದೃಚ್ಛಿಕ ದತ್ತಾಂಶ ಎಳೆದು ಮಾದರಿಯನ್ನು ಮತ್ತೆಮತ್ತೆ ಕಟ್ಟುವುದು) ಓಡಿಸಿದ ಮೇಲೆ ಬರುವ ಅಂಚನ್ನೇ ವರದಿಗೆ ಹಾಕಿ. ಪೀಳಿಗೆ ಸೇರಿಸುವ ಮಾದರಿಗಳೂ ಇದರಲ್ಲಿವೆ. ಅವು ಹುಟ್ಟಿದ ವರ್ಷವನ್ನು ವರ್ಷದಿಂದ ವಯಸ್ಸು ಕಳೆದು ಲೆಕ್ಕ ಹಾಕುತ್ತವೆ. ನಮ್ಮಲ್ಲಿರುವ ಐದೈದು ವರ್ಷದ ವಯೋಗುಂಪಿಗೆ ಅವನ್ನು ಹಚ್ಚಲು ಹೋಗಬೇಡಿ.