ವಿನಾಯಿತಿ ಪತ್ರದ ಷರತ್ತು ಓದಲು ಕಲಿಸುವ ತರಗತಿ: ಮೊದಲ ದಿನ ಚೆನ್ನ, ಎರಡನೆಯ ದಿನ ಅರೆಬರೆ

ಜಯನಗರದಲ್ಲಿ ಶನಿವಾರ, ಭಾನುವಾರ ನಡೆಯುವ ಈ ಎರಡು ದಿನದ ತರಗತಿ, ರಜೆಗೆ ಬೆಂಗಳೂರಿಗೆ ಬಂದ ಹಡಗಿನ ಅಧಿಕಾರಿಗಳಿಗೆ ಮತ್ತು ದಡದ ಕಚೇರಿಯಲ್ಲಿ ಕೂತು ಪ್ರಮಾಣಪತ್ರಗಳ ಫೈಲು ನೋಡಿಕೊಳ್ಳುವವರಿಗೆ. ಸೋಲಾಸ್ (ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ) ನಿಯಮಗಳಿಂದ ಪಡೆದ ವಿನಾಯಿತಿಯನ್ನೋ ಸಮಾನ ವ್ಯವಸ್ಥೆಯನ್ನೋ ಬಂದರಿನ ತಪಾಸಣಾಧಿಕಾರಿಯ ಎದುರು ಹೇಗೆ ತೋರಿಸಬೇಕು ಅನ್ನುವುದಷ್ಟೇ ವಿಷಯ. ಮೊದಲ ದಿನ ಕೊಟ್ಟ ಹಣಕ್ಕೆ ಮೋಸವಿಲ್ಲ. ಎರಡನೆಯ ದಿನದ ಬಗ್ಗೆ ತಕರಾರಿದೆ.

ಅಡಿಪಾಯವನ್ನು ಗಟ್ಟಿಯಾಗಿಯೇ ಹಾಕುತ್ತಾರೆ. 1ನೇ ಅಧ್ಯಾಯದ 4ನೇ ನಿಯಮ ವಿನಾಯಿತಿಯದು, 5ನೇ ನಿಯಮ ಸಮಾನ ವ್ಯವಸ್ಥೆಯದು. ಸಮಾನ ಎಂದರೆ ನಿಯಮ ಕೇಳಿದ ಸಲಕರಣೆಯ ಬದಲು ಅಷ್ಟೇ ಪರಿಣಾಮಕಾರಿಯಾದ ಇನ್ನೊಂದನ್ನು ಧ್ವಜ ರಾಷ್ಟ್ರ, ಅಂದರೆ ಹಡಗು ನೋಂದಣಿಯಾದ ದೇಶ, ಒಪ್ಪಿಕೊಂಡು, ಅದರ ವಿವರವನ್ನು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒಗೆ ತಿಳಿಸುವುದು. ಇವೆರಡೂ ಅಲ್ಲದ ಇನ್ನೊಂದಿದೆ: ನಿಯಮವೇ ಕೊಟ್ಟ ಸಡಿಲಿಕೆ. ಮೂತಿಯಿಂದ 100 ಮೀಟರಿಗಿಂತ ದೂರದಲ್ಲಿ ಜೀವರಕ್ಷಕ ದೋಣಿಗಳಿರುವ ಹಡಗಿನಲ್ಲಿ, ಮುಂಭಾಗಕ್ಕೆಂದು ಇಡುವ ಹೆಚ್ಚುವರಿ ಲೈಫ್‌ರಾಫ್ಟನ್ನು (ಜೀವರಕ್ಷಕ ತೆಪ್ಪ) ಕೈಯಿಂದ ಬಿಡಿಸುವಂತೆ ಕಟ್ಟಿದರೆ ಸಾಕು. ಅದಕ್ಕೆ ವಿನಾಯಿತಿ ಪತ್ರ ಹುಡುಕುತ್ತಾ ಕೂರಬೇಕಿಲ್ಲ, ನಿಯಮದ ಸಂಖ್ಯೆ ತೋರಿಸಿದರಾಯಿತು.

ತರಗತಿಯ ಜೀವಾಳ ಸರಕು ಕೋಣೆಯ ಪಾಠ. 2,000 ಜಿಟಿ (ಹಡಗಿನ ಗಾತ್ರದ ಅಳತೆ, ಗ್ರಾಸ್ ಟನೇಜ್) ಮತ್ತು ಮೇಲಿನ ಸರಕು ಹಡಗಿನ ಕೋಣೆಗಳಿಗೆ ಬೆಂಕಿ ನಂದಿಸಲು ಸಿಒ2 (ಇಂಗಾಲದ ಡೈಆಕ್ಸೈಡ್) ಅಥವಾ ಅಂಥದೇ ಸ್ಥಿರ ಅನಿಲ ವ್ಯವಸ್ಥೆ ಬೇಕು. ಅದಿರು, ಕಲ್ಲಿದ್ದಲು, ಧಾನ್ಯದಂಥ ಸರಕಿಗೆಂದೇ ಕಟ್ಟಿದ ಹಡಗಿಗೆ 2-2ನೇ ಅಧ್ಯಾಯದ 10.7.1.4ರಡಿ ವಿನಾಯಿತಿ ಸಿಗುತ್ತದೆ. ಷರತ್ತು ಎರಡು: ಹ್ಯಾಚ್ ಕವರ್, ಅಂದರೆ ಕೋಣೆಯ ಮೇಲಿನ ದೊಡ್ಡ ಮುಚ್ಚಳ, ಉಕ್ಕಿನದಾಗಿರಬೇಕು, ವೆಂಟಿಲೇಟರ್ ಸೇರಿದಂತೆ ಕೋಣೆಯ ಎಲ್ಲ ತೆರಪುಗಳನ್ನೂ ಗಟ್ಟಿಯಾಗಿ ಮುಚ್ಚಲು ಆಗಬೇಕು. ತುಕ್ಕು ಹಿಡಿದು ಅಲುಗಾಡದ ವೆಂಟಿಲೇಟರ್ ಮುಚ್ಚಳ ಬೇರೆ ಹಡಗಿನಲ್ಲಿ ಸಣ್ಣ ಕೊರತೆ ಅನ್ನಿಸಬಹುದು. ಇಲ್ಲಿ ಹಾಗಲ್ಲ. ಸಿಒ2 ಇಲ್ಲದ ಕೋಣೆಯಲ್ಲಿ ಗಾಳಿ ತಡೆಯುವುದೇ ಬೆಂಕಿಗೆ ಮೊದಲ ಮದ್ದು. ಮುಚ್ಚಳ ಕೂರದಿದ್ದರೆ ವಿನಾಯಿತಿಯ ಬುಡವೇ ಕುಸಿದಂತೆ. ರಬ್ಬರ್ ಪಟ್ಟಿ, ತಿರುಪು, ಹಿಡಿಕೆ ಎಲ್ಲವನ್ನೂ ತಪಾಸಣೆಗೆ ಮುನ್ನ ಒಂದೊಂದಾಗಿ ತಿರುಗಿಸಿ ನೋಡಿ ಎಂದು ಒತ್ತಿ ಹೇಳುತ್ತಾರೆ. ಇದೊಂದು ಮಾತಿಗೇ ಹೋಗಿ ಬಂದದ್ದು ಸಾರ್ಥಕ.

ಸರಕಿನ ಪಟ್ಟಿಯೂ ಮುಖ್ಯ. ಐಎಂಒ ಸುತ್ತೋಲೆ ಎಂಎಸ್‌ಸಿ.1/ಸರ್ಕ್ಯುಲರ್ 1395ರಲ್ಲಿ ಎರಡು ಕೋಷ್ಟಕಗಳಿವೆ. ಮೊದಲನೆಯದು ವಿನಾಯಿತಿ ಸಲ್ಲುವ ಸರಕುಗಳದು, ಎರಡನೆಯದು ಅನಿಲ ವ್ಯವಸ್ಥೆ ಇದ್ದೂ ಕೆಲಸಕ್ಕೆ ಬಾರದ ಸರಕುಗಳದು. ಕಲ್ಲಿದ್ದಲು ಹೊತ್ತು ಪಣಂಬೂರಿಗೆ ಬಂದ ಹಡಗು ಮುಂದಿನ ಯಾನಕ್ಕೆ ಅಮೋನಿಯಂ ನೈಟ್ರೇಟ್ ಗೊಬ್ಬರ ತುಂಬಿಕೊಂಡಿತು ಅನ್ನಿ. ಆ ಸರಕು ಆಮ್ಲಜನಕವನ್ನು ತಾನೇ ಒದಗಿಸಿಕೊಳ್ಳುವುದರಿಂದ ಸಿಒ2ಗೆ ಬಗ್ಗುವುದಿಲ್ಲ. ಕಲ್ಲಿದ್ದಲಿನ ವಿನಾಯಿತಿ ಅಲ್ಲಿ ನಡೆಯದು, ಸಮಾನ ರಕ್ಷಣೆ ಕೊಡುವ ಬೇರೆ ವ್ಯವಸ್ಥೆ, ಸಾಮಾನ್ಯವಾಗಿ ನೀರು, ತೋರಿಸಬೇಕು.

ತಣ್ಣೀರಿನಲ್ಲಿ ಮೈ ಬೆಚ್ಚಗಿಡುವ ರಕ್ಷಣಾ ಉಡುಪಾದ ಇಮ್ಮರ್ಶನ್ ಸೂಟಿನ ವಿನಾಯಿತಿಯೂ ಇದೇ ಜಾತಿಯದು. ಸದಾ ಬಿಸಿ ಹವೆಯ ಸಮುದ್ರದಲ್ಲೇ ಓಡಾಡುವ ಸರಕು ಹಡಗಿಗೆ ಅದು ಸಿಗುತ್ತದೆ, ಆದರೆ ಸರಕನ್ನು ಮೂಟೆ ಕಟ್ಟದೆ ಸುರಿದು ಒಯ್ಯುವ ಬಲ್ಕ್ ಕ್ಯಾರಿಯರ್‌ಗೆ ಇಲ್ಲ. ಕೊಲ್ಲಿ ರಾಷ್ಟ್ರಗಳ ಯಾನ ಬಿಟ್ಟು ಚಳಿಗಾಲದ ಉತ್ತರಕ್ಕೆ ಹೊರಟ ದಿನವೇ ಆ ಕಾಗದ ಸತ್ತಿತು.

ಮಧ್ಯಾಹ್ನದ ಅಭ್ಯಾಸ ಸರಳ, ಉಪಯುಕ್ತ. ವಿನಾಯಿತಿ ಪತ್ರದಲ್ಲಿ ಮೂರು ಸಾಲು ಹುಡುಕಿಸುತ್ತಾರೆ: ಯಾವ ನಿಯಮದಿಂದ, ಯಾವ ಷರತ್ತಿನ ಮೇಲೆ, ಯಾವ ಯಾನಕ್ಕೆ. ಆಮೇಲೆ ಸೇಫ್ಟಿ ಇಕ್ವಿಪ್‌ಮೆಂಟ್ ಸರ್ಟಿಫಿಕೇಟ್ ತೆಗೆದು, 'ವಿನಾಯಿತಿ ಪತ್ರ ಕೊಡಲಾಗಿದೆ / ಕೊಟ್ಟಿಲ್ಲ' ಎಂಬಲ್ಲಿ ಯಾವುದಕ್ಕೆ ಗೀಟು ಬಿದ್ದಿದೆ ಎಂದು ತಾಳೆ ನೋಡಿಸುತ್ತಾರೆ. ಮೂಲ ಪ್ರಮಾಣಪತ್ರದ ಅವಧಿ ಮೀರಿ ವಿನಾಯಿತಿ ಪತ್ರ ಬದುಕುವುದಿಲ್ಲ. ನವೀಕರಣದಲ್ಲಿ ಒಂದು ಬದಲಾಗಿ ಇನ್ನೊಂದು ಹಳೆಯದೇ ಉಳಿಯುವುದು ಸುಲಭವಾಗಿ ಆಗುವ ತಪ್ಪು.

ಎರಡನೆಯ ದಿನ ಬಿಗಿ ತಪ್ಪುತ್ತದೆ. ಹೊಗೆಯಿಂದ ಗಂಧಕ ತೊಳೆದು ತೆಗೆಯುವ ಸ್ಕ್ರಬ್ಬರ್, ಹಡಗಿನ ಮಾಲಿನ್ಯ ತಡೆಯುವ ಮಾರ್ಪೋಲ್ ಒಪ್ಪಂದದ 6ನೇ ಅನುಬಂಧದ 4ನೇ ನಿಯಮದ ಸಮಾನ ವ್ಯವಸ್ಥೆ ಎಂದು ಹೇಳಿ ಮುಂದೆ ಓಡುತ್ತಾರೆ. ಇಂಧನದಲ್ಲಿನ 0.50% ಗಂಧಕದ ಮಿತಿಗೆ ಹೊಗೆಯ ಎಸ್‌ಒ2/ಸಿಒ2 ಅನುಪಾತ 21.7, 0.10%ಕ್ಕೆ 4.3 ಎಂಬ ಅಂಕಿಗಳು ಹಲಗೆಯ ಮೇಲೆ ಬರಲೇ ಇಲ್ಲ. ತಪಾಸಣಾಧಿಕಾರಿ ದಾಖಲೆಯಲ್ಲಿ ನೋಡುವುದು ಅದನ್ನೇ.

ಅದಕ್ಕಿಂತ ಬೇಸರದ ಸಂಗತಿ, ಕೆಟ್ಟುಹೋದ ಸಲಕರಣೆಗೆ ಧ್ವಜ ರಾಷ್ಟ್ರ ಕೊಡುವ ತಾತ್ಕಾಲಿಕ ಅನುಮತಿ ಪತ್ರವನ್ನೂ ವಿನಾಯಿತಿ ಎಂದೇ ಕರೆದು ಗೊಂದಲ ಮಾಡಿದ್ದು. ಅದು ಬೇರೆಯೇ ದಾರಿ. ಯಾನದಲ್ಲಿ ಹಾನಿಯಾದರೆ ಧ್ವಜ ರಾಷ್ಟ್ರಕ್ಕೂ ಕ್ಲಾಸ್‌ಗೂ (ಹಡಗನ್ನು ಪರೀಕ್ಷಿಸಿ ದರ್ಜೆ ಕೊಡುವ ಸಂಸ್ಥೆ) ತಿಳಿಸಿ, ಬಂದರು ಪ್ರವೇಶಿಸುವ ಮೊದಲೇ ಅಲ್ಲಿನ ಅಧಿಕಾರಿಗಳಿಗೆ ಹಾನಿಯ ವಿವರ ಮತ್ತು ರಿಪೇರಿಯ ಏರ್ಪಾಡು ಬರೆದು ಕಳಿಸಬೇಕು. ಕೊರತೆಯನ್ನು ತಪಾಸಣಾಧಿಕಾರಿಯೇ ಕಂಡುಹಿಡಿದ ಮೇಲೆ ಪತ್ರ ತರಿಸಿದರೆ, 'ಹೊರಡುವ ಮುನ್ನ ಸರಿಪಡಿಸಿ' ಎನ್ನುವ 17 ಅಥವಾ ಹಡಗನ್ನೇ ತಡೆಹಿಡಿಯುವ 30ನೇ ಸಂಕೇತ ಬೀಳುವ ಸಂಭವವೇ ಹೆಚ್ಚು.

ಪಾಠ ಕನ್ನಡ, ಇಂಗ್ಲಿಷ್ ಬೆರೆಸಿದ್ದು. ಡೆಕ್ ಕೆಡೆಟ್‌ಗಳಿಗೆ ಭಾರವಾದೀತು, ಚೀಫ್ ಆಫೀಸರ್ ಮಟ್ಟದವರಿಗೆ ಸರಿ. ಹೋಗುವವರು ಹಡಗಿನ ಹೆಸರು ಮುಚ್ಚಿದ ವಿನಾಯಿತಿ ಪತ್ರ, ಫಾರ್ಮ್ ಇ (ಸೇಫ್ಟಿ ಇಕ್ವಿಪ್‌ಮೆಂಟ್ ಸರ್ಟಿಫಿಕೇಟ್ ಜೊತೆಗಿನ ಸಲಕರಣೆ ಪಟ್ಟಿ) ಮತ್ತು ಕಳೆದ ಮೂರು ಯಾನಗಳ ಸರಕಿನ ವಿವರದ ನಕಲು ಒಯ್ಯಲಿ. ಅಲ್ಲಿ ಕೊಡುವ ಮಾದರಿ ಕಾಗದಗಳಲ್ಲಿ ಷರತ್ತಿನ ಸಾಲು ಖಾಲಿ ಬಿಟ್ಟಿರುತ್ತದೆ.